ಮತ್ತೆ ವಿದ್ಯಾರ್ಥಿಯಾದ ಪಂಡಿತರು: ಪಂಜೆ ಮಂಗೇಶರಾಯರು

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ಹಲವರು ಪದವಿಯ ತರುವಾಯ ಬಿ.ಎಡ್. ತರಬೇತಿಗೆ ಹೋಗುತ್ತಾರೆ. ಕೆಲವರು ಬೇರೊಂದು ಉದ್ಯೋಗ ಹಿಡಿದು, ನಾಲ್ಕಾರು ವರ್ಷಗಳ ಮೇಲೆ ಆ ದಾರಿಗೆ ಬರುತ್ತಾರೆ. ಇನ್ನು ಕೆಲವರು ಖಾಸಗಿ ಶಾಲೆಗಳಲ್ಲಿ ಪಾಠ ಹೇಳುತ್ತಲೇ ಇದ್ದು, ಪ್ರಮಾಣಪತ್ರ ಬೇಕಾದಾಗ ಮತ್ತೆ ಬೆಂಚಿನ ಮೇಲೆ ಕೂರುತ್ತಾರೆ. ವಿಷಯವನ್ನು ಬಲ್ಲವನಿಗೆ ತರಬೇತಿ ಏಕೆ ಎಂಬ ಪ್ರಶ್ನೆ ಪ್ರತಿವರ್ಷವೂ ನನ್ನ ಮುಂದೆ ಬರುತ್ತದೆ. ಅದಕ್ಕೆ ಉತ್ತರವನ್ನು ಪಂಜೆ ಮಂಗೇಶರಾಯರ ಬಾಳಿನಲ್ಲಿ ಹುಡುಕಬಹುದು.

ಪಂಜೆಯವರು ಹುಟ್ಟಿದ್ದು 1874ರಲ್ಲಿ, ನೇತ್ರಾವತಿಯ ದಡದ ಬಂಟವಾಳದಲ್ಲಿ. ಅವರ ಮನೆತನದ ಮೂಲ ಸುಬ್ರಹ್ಮಣ್ಯದ ಸಮೀಪದ ಪಂಜ. ಹೆಸರಿನೊಡನೆ ನಿಂತ ಊರು ಅದೇ. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ ಜಿಲ್ಲೆ. ಇಂದಿನ ವಯನಾಡು ಕೂಡ ಮಲಬಾರ್ ಜಿಲ್ಲೆಯ ಭಾಗವಾಗಿ ಅದೇ ಪ್ರಾಂತದಲ್ಲಿತ್ತು. ಮಂಗಳೂರಿನವನಿರಲಿ, ಮಾನಂತವಾಡಿಯವನಿರಲಿ, ಉನ್ನತ ಶಿಕ್ಷಣದ ವಿಚಾರ ಬಂದಾಗ ಮುಖಮಾಡಬೇಕಾಗಿದ್ದುದು ದೂರದ ಮದರಾಸಿನ ಕಡೆಗೆ.

ಮಂಗಳೂರಿನಲ್ಲಿ ವ್ಯಾಸಂಗ ಮಾಡಿದ ಪಂಜೆಯವರು 1896ರಲ್ಲಿ ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಇಪ್ಪತ್ತೆರಡರ ತರುಣನಿಗೆ ಅದು ಸಣ್ಣ ಗೌರವವಲ್ಲ. ಹಳಗನ್ನಡದಲ್ಲಿ ಅವರಿಗಿದ್ದ ಪರಿಶ್ರಮಕ್ಕೆ ಮುಂದೆ ಅವರು ಕೈಗೊಂಡ ಕೇಶಿರಾಜನ ಶಬ್ದಮಣಿದರ್ಪಣದ ಪರಿಷ್ಕರಣವೇ ಸಾಕ್ಷಿ. ಪಂಡಿತ ಪದವಿಯಲ್ಲಿಯೇ ನೆಲೆನಿಂತು, ವ್ಯಾಕರಣವನ್ನು ಬೋಧಿಸುತ್ತ ಕಾಲ ಕಳೆದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಬಿ.ಎ. ಮುಗಿಸಿದರು. ಅನಂತರ ಮದರಾಸಿನ ಸೈದಾಪೇಟೆಯ ಟೀಚರ್ಸ್ ಕಾಲೇಜಿಗೆ ಹೋಗಿ ಎಲ್.ಟಿ. ಪದವಿಯನ್ನು ಪಡೆದರು.

ಸೈದಾಪೇಟೆಯ ಆ ಸಂಸ್ಥೆಯ ಮೂಲ 1856ರಲ್ಲಿ ಆರಂಭವಾದ ಸರಕಾರಿ ನಾರ್ಮಲ್ ಶಾಲೆ. ಮುಂದೆ ರಾಷ್ಟ್ರಪತಿಗಳಾದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರೂ ಅಧ್ಯಾಪಕ ವೃತ್ತಿಗೆ ಸೇರಿದ ಹೊಸದರಲ್ಲಿ ಅಲ್ಲಿ ತರಬೇತಿ ಪಡೆದವರು. ಎಲ್.ಟಿ. ಎಂದರೆ ಇಂದಿನ ಬಿ.ಎಡ್.ಗೆ ಸಮನಾದ ವ್ಯಾಸಂಗ. ಪಾಠದ ಯೋಜನೆಯನ್ನು ಬರೆಯಬೇಕು, ಅನ್ಯರ ಕಣ್ಣೆದುರಿಗೆ ಪಾಠ ಮಾಡಬೇಕು, ಅವರ ಟೀಕೆಯನ್ನು ಕೇಳಿಸಿಕೊಳ್ಳಬೇಕು. ತರಗತಿಯಲ್ಲಿ ತಾನೇ ಪ್ರಮಾಣವಾಗಿದ್ದ ಪಂಡಿತನು ಇಲ್ಲಿ ಪರೀಕ್ಷೆಗೆ ಒಳಗಾಗುವ ವಿದ್ಯಾರ್ಥಿ. ಪಂಜೆಯವರು ಬರೆವಣಿಗೆಗೆ ಆರಿಸಿಕೊಂಡ ಕಾವ್ಯನಾಮ ಕವಿಶಿಷ್ಯ. ತನ್ನನ್ನು ಶಿಷ್ಯನೆಂದು ಕರೆದುಕೊಂಡವರಿಗೆ ಮತ್ತೆ ವಿದ್ಯಾರ್ಥಿಯಾಗುವುದು ಭಾರವಾಗಿರಲಾರದು ಎಂದು ನನ್ನ ಊಹೆ.

ತರಬೇತಿಯು ಅವರನ್ನು ಕೊಂಡೊಯ್ದದ್ದು ಕಾಲೇಜಿನಿಂದ ಹಳ್ಳಿಯ ಶಾಲೆಗಳಿಗೆ. ಅವರು ಶಾಲಾ ಇನ್ಸ್‌ಪೆಕ್ಟರರ ಹುದ್ದೆಗೆ ಬಂದರು. ಆ ಕಾಲದಲ್ಲಿ ಇನ್ಸ್‌ಪೆಕ್ಟರು ಬರುತ್ತಾರೆಂದರೆ ಮಾಸ್ತರರ ಎದೆ ನಡುಗುತ್ತಿತ್ತು, ಮಕ್ಕಳ ಬಾಯಿ ಕಟ್ಟುತ್ತಿತ್ತು. ಪಂಜೆಯವರು ಮಕ್ಕಳ ಮಧ್ಯೆ ನಿಂತು ಕತೆ ಹೇಳಿದರು, ಹಾಡು ಕಲಿಸಿದರು. ಮಕ್ಕಳ ನಾಲಗೆಗೆ ಯಾವ ಮಾತು ಹಗುರ, ಯಾವುದು ತೊಡಕು ಎಂಬುದನ್ನು ಅರಿಯಲು ಅದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇರಲಿಲ್ಲ. ಮುಂದೆ ಮಂಗಳೂರಿನ ಶಿಕ್ಷಕರ ತರಬೇತಿ ಶಾಲೆಯ ಮುಖ್ಯೋಪಾಧ್ಯಾಯರೂ ಆದರು. ತಾನು ಕಲಿತದ್ದನ್ನು ಇತರ ಶಿಕ್ಷಕರಿಗೆ ಧಾರೆಯೆರೆಯುವ ಸರದಿ ಈಗ ಅವರದಾಯಿತು.

ಅವರ ಸಾಹಿತ್ಯವನ್ನು ಈ ಬೆಳಕಿನಲ್ಲಿ ಓದಬೇಕು. ನಾಗರ ಹಾವಿನ ಪದ್ಯದಲ್ಲಿ ಕೂಸು ಹಾವಿನೊಡನೆ ಹೆದರಿಕೆಯಿಲ್ಲದೆ ಮಾತಿಗಿಳಿಯುತ್ತದೆ. ತೆಂಕಣ ಗಾಳಿಯ ಪದ್ಯದಲ್ಲಿ ಕಡಲ ಕರೆಯ ಬಿರುಗಾಳಿ ಶಬ್ದಗಳಲ್ಲಿಯೇ ಬೀಸುತ್ತದೆ. ಒಂದರಲ್ಲಿಯೂ ಉಪದೇಶವಿಲ್ಲ, ಲಯವೇ ಪಾಠ. ಸಂಸ್ಕೃತಭೂಯಿಷ್ಠವಾಗಿ ಬರೆಯಬಲ್ಲ ಪಂಡಿತರು ಮಕ್ಕಳಿಗೆಂದು ಅಚ್ಚಗನ್ನಡದ ಸಣ್ಣ ಮಾತುಗಳನ್ನು ಆಯ್ದುಕೊಂಡರು. ಅಸ್ಪೃಶ್ಯತೆಯ ಅನ್ಯಾಯವನ್ನು ಅದನ್ನು ಉಂಡವನ ಬಾಯಿಂದಲೇ ಹಾಡಿಸಿದರು. ಬಾಸೆಲ್ ಮಿಶನ್ನಿನ ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ, ಮಕ್ಕಳಿಗಾಗಿ ಬರೆಯುವುದು ಎರಡನೆಯ ದರ್ಜೆಯ ಕೆಲಸವೆಂಬ ಭಾವನೆಯನ್ನು ಹೋಗಲಾಡಿಸಲು ದುಡಿದರು. ತುಳುವಿನ ಪಾಡ್ದನದ ವೀರರನ್ನು ಕೋಟಿ ಚೆನ್ನಯ ಎಂಬ ಕೃತಿಯಲ್ಲಿ ಕನ್ನಡಕ್ಕೆ ತಂದರು.

ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಅವರು ಕೊಡಗಿಗೆ ಹೋದರು. ಕೊಡಗಿನ ತೆಂಕಣ ತುದಿ ಕುಟ್ಟ. ಅದನ್ನು ದಾಟಿದರೆ ವಯನಾಡಿನ ತೋಲ್ಪೆಟ್ಟಿ. ಹೊಸ ಭತ್ತದ ತೆನೆಯನ್ನು ಮನೆ ತುಂಬಿಸಿಕೊಳ್ಳುವ ಹಬ್ಬ ಅತ್ತ ಪುತ್ತರಿ, ಇತ್ತ ಹುತ್ತರಿ. ಕೊಂಕಣಿ ಮನೆಮಾತಿನ ಪಂಜೆಯವರು ಕೊಡವರ ಆ ಹಬ್ಬದ ಮೇಲೆ ಕನ್ನಡದಲ್ಲಿ ರಚಿಸಿದ ಹುತ್ತರಿ ಹಾಡು ಆ ನಾಡಿನವರ ನಾಡಗೀತೆಯಂತೆಯೇ ನಿಂತಿದೆ. ಪರಭಾಷೆಯ ಮನೆಯಿಂದ ಬಂದವನು ಕನ್ನಡಕ್ಕೆ ಏನು ಕೊಡಬಲ್ಲ ಎಂಬ ಪ್ರಶ್ನೆಗೆ ಆ ಹಾಡು ಸಾಕಷ್ಟು ಉತ್ತರ.

1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು.

ನನ್ನ ಸ್ವಂತದ ಒಂದು ಮಾತು. ಮರಾಠಿ, ಕನ್ನಡ ಎರಡರಲ್ಲೂ ಕಲಿತವನು ನಾನು. ಎಳವೆಯಲ್ಲಿ ನನಗೆ ಕನ್ನಡ ಹೇಳಿದವರಲ್ಲಿ ಒಬ್ಬರು ಬಹಳ ಬಲ್ಲವರು. ಅವರ ಪಾಠ ನಮ್ಮ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಇನ್ನೊಬ್ಬರು ಅಷ್ಟು ಓದಿದವರಲ್ಲ, ಆದರೆ ಪಂಜೆಯವರ ಹಾವಿನ ಪದ್ಯವನ್ನು ಕೈಬೀಸಿ ಹಾಡಿದರು. ಳಕಾರ ಒತ್ತಿ ಹೇಳಲು ಹೆಣಗುತ್ತಿದ್ದ ಹುಡುಗನಿಗೆ ಅಂದು ಕನ್ನಡ ಒಲಿಯಿತು. ನಾನು ಉಪನ್ಯಾಸಕನಾದ ಮೊದಲ ವರ್ಷಗಳಲ್ಲಿ ಮೊದಲನೆಯವರಂತೆಯೇ ಪಾಠ ಮಾಡಿದೆ. ಅದು ತಿಳಿಯಲು ಬಹುಕಾಲ ಹಿಡಿಯಿತು.

ತರಬೇತಿಗೆ ಹೊರಟವರು, ಅದು ಇಪ್ಪತ್ತೆರಡರಲ್ಲಾಗಲಿ ನಲವತ್ತರಲ್ಲಾಗಲಿ, ಪಂಜೆಯವರ ಸೈದಾಪೇಟೆಯ ದಾರಿಯನ್ನು ನೆನೆಯಲಿ. ಪಾಂಡಿತ್ಯವನ್ನು ಅವರು ಅಲ್ಲಿ ಬಿಟ್ಟುಬರಲಿಲ್ಲ. ಹಳ್ಳಿಯ ಮಗುವಿನ ಕೈಗೆ ನಿಲುಕುವಷ್ಟು ಕೆಳಗೆ ಅದನ್ನು ಇಳಿಸಿಡಲು ಕಲಿತು ಬಂದರು.