ಸಾಯುವವರ ಮಂಚದ ಬದಿಯಲ್ಲಿ ಕೂತ ಡಾಕ್ಟರ್

ಈಗ ಅನೇಕ ದೇಶಗಳ ನರ್ಸಿಂಗ್ ಕಾಲೇಜುಗಳಲ್ಲಿ ಒಂದು ಪಾಠ ಉಂಟು. ಕೋಣೆಯಲ್ಲಿ ಒಂದು ಮಂಚ, ಅದರಲ್ಲಿ ರೋಗಿಯ ಹಾಗೆ ನಟಿಸುವ ಒಬ್ಬರು, ಪಕ್ಕದಲ್ಲಿ ಮಗಳ ಪಾತ್ರದ ಇನ್ನೊಬ್ಬರು. ಇನ್ನು ಮದ್ದಿನಿಂದ ಗುಣವಾಗದು ಎಂದು ಗೊತ್ತಾದವರ ಜೊತೆ ಹೇಗೆ ಮಾತಾಡುವುದೆಂದು ವಿದ್ಯಾರ್ಥಿನಿ ಅಲ್ಲಿ ಅಭ್ಯಾಸ ಮಾಡಬೇಕು. ಉಳಿದವರು ನೋಡುತ್ತಾರೆ. ಮುಗಿದ ಮೇಲೆ ಎಲ್ಲಿ ತಡವರಿಸಿದೆ, ಎಲ್ಲಿ ಮಾತು ಹೆಚ್ಚಾಯ್ತು ಎಂದು ಎಲ್ಲರೂ ಕೂತು ಚರ್ಚಿಸುತ್ತಾರೆ. ಸಿಮ್ಯುಲೇಶನ್ ಎಂದು ಅದರ ಹೆಸರು. ಮೊದಲು ಕೇಳಿದಾಗ ನಮಗೆ ಇದೆಂತ ನಾಟಕ ಅನಿಸಿತ್ತು. ಡಾ. ಎಲಿಜಬೆತ್ ಕ್ಯೂಬ್ಲರ್ ರಾಸ್ ಅವರ ಜೀವನ ಓದಿದ ಮೇಲೆ ಹಾಗೆ ಅನಿಸುವುದಿಲ್ಲ.

ಅವರು ಹುಟ್ಟಿದ್ದು 1926ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಒಂದೇ ಹೆರಿಗೆಯಲ್ಲಿ ಮೂವರು ಹೆಣ್ಣುಮಕ್ಕಳು, ಅವರಲ್ಲಿ ಇವರು ತೀರಾ ಪುಟ್ಟ ಕೂಸು. ಮಗಳು ತನ್ನ ಆಫೀಸಿನಲ್ಲಿ ಕೂತು ಲೆಕ್ಕಪತ್ರ ನೋಡಲಿ ಎಂದು ತಂದೆಯ ಆಸೆ. ಮಗಳು ಒಪ್ಪಲಿಲ್ಲ. ಲ್ಯಾಬಿನಲ್ಲಿ ದುಡಿದರು, ಯುದ್ಧ ಮುಗಿದ ಮೇಲೆ ಪೋಲೆಂಡಿಗೆ ಹೋಗಿ ನೊಂದವರ ಸೇವೆ ಮಾಡಿದರು, ಕಡೆಗೆ 1957ರಲ್ಲಿ ಡಾಕ್ಟರೇ ಆದರು. ಮರುವರ್ಷ ಮದುವೆಯಾಗಿ ಅಮೆರಿಕಕ್ಕೆ ಹೋದರು.

ಡೆನ್ವರ್‌ನಲ್ಲಿ ಒಮ್ಮೆ ಪ್ರೊಫೆಸರರ ಬದಲಿಗೆ ಇವರು ಪಾಠ ಮಾಡಬೇಕಾಯಿತು. ರಕ್ತದ ಕ್ಯಾನ್ಸರಿನಿಂದ ಸಾಯುತ್ತಿದ್ದ 16ರ ಹುಡುಗಿಯನ್ನೇ ಒಪ್ಪಿಸಿ ಕ್ಲಾಸಿಗೆ ಕರೆತಂದರು. ಏನು ಬೇಕಾದರೂ ಕೇಳಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಅವರು ಕೇಳಿದ್ದೆಲ್ಲ ರಕ್ತದ ಲೆಕ್ಕ, ಮದ್ದಿನ ಹೆಸರು. ಹುಡುಗಿಗೆ ಸಿಟ್ಟು ಬಂತು. ಈ ವಯಸ್ಸಿನಲ್ಲಿ ಕೆಲವೇ ವಾರ ಉಳಿದಿದೆ ಎಂದರೆ ಹೇಗಿರುತ್ತದೆ ಎಂದು ಯಾರೂ ಕೇಳದ ಪ್ರಶ್ನೆಯನ್ನು ತಾನೇ ಕೇಳಿ ತಾನೇ ಉತ್ತರ ಕೊಟ್ಟಳು. ಕ್ಲಾಸಿನಲ್ಲಿ ಹಲವರು ಅತ್ತುಬಿಟ್ಟರು.

1965ರಲ್ಲಿ ಚಿಕಾಗೋದ ಬಿಲ್ಲಿಂಗ್ಸ್ ಆಸ್ಪತ್ರೆಗೆ ಬಂದರು. ಮರಣದ ಬಗ್ಗೆ ಅಧ್ಯಯನ ಮಾಡಲು ನಾಲ್ವರು ಪಾದ್ರಿ ವಿದ್ಯಾರ್ಥಿಗಳು ಇವರ ಸಹಾಯ ಕೇಳಿದರು. ಹಾಗಾದರೆ ಸಾಯುವವರನ್ನೇ ಕೇಳುವ ಎಂದು ಇವರು ವಾರ್ಡಿನಿಂದ ವಾರ್ಡಿಗೆ ಹೋದರೆ, ನಮ್ಮಲ್ಲಿ ಸಾಯುವವರು ಯಾರೂ ಇಲ್ಲ ಎಂಬ ಉತ್ತರ! ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ! ನಮ್ಮ ಮನೆಗಳಲ್ಲೂ ಇದೇ ಅಲ್ಲವೇ. ಉಮ್ಮನಿಗೆ ಹೇಳಬೇಡಿ ಎಂದು ಬಾಗಿಲ ಬಳಿ ಪಿಸುಗುಡುತ್ತೇವೆ, ಉಮ್ಮನಿಗೆ ಎಲ್ಲ ಗೊತ್ತಿರುತ್ತದೆ.

ಕಡೆಗೆ ರೋಗಿಗಳು ಸಿಕ್ಕಿದರು. ಎಲಿಜಬೆತ್ ಅವರ ಎದುರು ಕೂತು ಮಾತಾಡುವಾಗ ವಿದ್ಯಾರ್ಥಿಗಳು, ನರ್ಸುಗಳು ಒಂದು ಬದಿಯಿಂದ ಮಾತ್ರ ಕಾಣುವ ಗಾಜಿನ ಆಚೆಯಿಂದ ನೋಡುತ್ತಿದ್ದರು. ರೋಗಿ ಹೋದ ಮೇಲೆ ಚರ್ಚೆ. ಅದರಲ್ಲಿ ನರ್ಸುಗಳು ತಮ್ಮ ಹೆದರಿಕೆಯನ್ನೂ ಹೇಳಿಕೊಳ್ಳಬಹುದಿತ್ತು. ಇಂದಿನ ಸಿಮ್ಯುಲೇಶನ್ ಕ್ಲಾಸಿನಲ್ಲೂ ನೋಡುವುದು, ಆಮೇಲೆ ಮಾತಾಡುವುದು ಇದೇ ಕ್ರಮ. ವ್ಯತ್ಯಾಸ ಒಂದೇ, ಇವರ ರೋಗಿಗಳು ನಿಜದವರು. ರೋಗಿಯಂತೆ ನಟಿಸುವವರನ್ನು ತಯಾರು ಮಾಡುವ ಕೆಲಸ 1963ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹೊವರ್ಡ್ ಬ್ಯಾರೋಸ್ ಎಂಬ ಡಾಕ್ಟರು ಬೇರೆಯೇ ಶುರು ಮಾಡಿದ್ದರು. ಕಲಿಯುವವರ ಮೊದಲ ತಪ್ಪು ನಿಜವಾಗಿ ಸಾಯುವವರ ಮೇಲೆ ಆಗಬಾರದಲ್ಲ, ಹಾಗಾಗಿ ನಟನೆಯೇ ವಾಸಿ ಎಂದು ನಮಗನಿಸುತ್ತದೆ.

ಆಸ್ಪತ್ರೆಯಲ್ಲಿ ನೆಲ ಒರೆಸುವ ಒಬ್ಬ ಕರಿಯ ಹೆಂಗಸು ಹೋಗಿ ಬಂದ ಕೋಣೆಯ ರೋಗಿಗಳು ಸಮಾಧಾನದಲ್ಲಿರುವುದನ್ನು ಎಲಿಜಬೆತ್ ಗಮನಿಸಿದ್ದರು. ವಿಚಾರಿಸಿದರೆ, ಆಕೆ ಬಡತನದಲ್ಲಿ ತನ್ನ ಮಗುವನ್ನು ಆಸ್ಪತ್ರೆಯಲ್ಲಿ ಕಾಯುತ್ತಾ ಕಾಯುತ್ತಾ ಮಡಿಲಲ್ಲೇ ಕಳಕೊಂಡವಳು. ಸಾವಿನ ಹೆದರಿಕೆ ಆಕೆಗಿರಲಿಲ್ಲ. ಎಲಿಜಬೆತ್ ಆಕೆಯನ್ನು ತನ್ನ ಸಹಾಯಕಿ ಮಾಡಿಕೊಂಡರು. ಡಾಕ್ಟರುಗಳಿಗೆ ಇದು ಸರಿ ಕಾಣಲಿಲ್ಲ. ನಮಗೆ ಈ ಜೀವನದಲ್ಲಿ ತುಂಬಾ ಹಿಡಿಸಿದ್ದು ಇದೇ.

1969ರಲ್ಲಿ ಅವರ ಪುಸ್ತಕ ಆನ್ ಡೆತ್ ಆಂಡ್ ಡೈಯಿಂಗ್ ಬಂತು. ನಂಬದಿರುವುದು, ಸಿಟ್ಟು, ಚೌಕಾಸಿ, ಕುಗ್ಗುವುದು, ಒಪ್ಪಿಕೊಳ್ಳುವುದು ಎಂಬ ಐದು ಹಂತ ಲೋಕಪ್ರಸಿದ್ಧವಾಯ್ತು. ಎಲ್ಲರೂ ಇದೇ ಸಾಲಿನಲ್ಲಿ ಹೋಗುವುದಿಲ್ಲ ಎಂದು ಮುಂದೆ ಸಂಶೋಧಕರು ಟೀಕಿಸಿದ್ದೂ ಉಂಟು. ಆಮೇಲೆ ಅವರು ಸತ್ತವರ ಆತ್ಮಗಳ ಜೊತೆ ಮಾತಾಡುತ್ತೇವೆ ಎನ್ನುವವರ ಹಿಂದೆ ಹೋದರು. ಅದನ್ನು ನಾವು ಒಪ್ಪುವುದಿಲ್ಲ, ಅವರಿಗೂ ಅದರಿಂದ ಹೆಸರು ಕೆಟ್ಟಿತು. 80ರ ದಶಕದಲ್ಲಿ ಏಡ್ಸ್ ತಗಲಿದ ಮಕ್ಕಳಿಗೆ ವರ್ಜೀನಿಯಾದಲ್ಲಿ ಆಶ್ರಯ ಕಟ್ಟಲು ಹೊರಟಾಗ ಊರವರು ಬಿಡಲಿಲ್ಲ. 1994ರಲ್ಲಿ ಅಲ್ಲಿನ ಮನೆ ಸುಟ್ಟು ಹೋಯಿತು.

ಮರುವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಅರಿಜೋನಾದ ಮನೆಯಲ್ಲಿ ಸುಮಾರು ಒಂಬತ್ತು ವರ್ಷ ಇನ್ನೊಬ್ಬರ ಕೈಯನ್ನೇ ನೆಚ್ಚಿ ಕಳೆದರು. ಇಷ್ಟು ಕಲಿಸಿದವರು ಶಾಂತವಾಗಿರುತ್ತಾರೆಂದು ನೋಡಲು ಬಂದವರೆದುರು ಸಿಟ್ಟನ್ನೂ ಬೇಸರವನ್ನೂ ಮುಚ್ಚಿಡಲಿಲ್ಲ. 2004ರ ಆಗಸ್ಟ್ 24ರಂದು, ಮನೆಯವರು ಬಳಿಯಲ್ಲಿರುವಾಗ ತೀರಿಕೊಂಡರು.