ರಾಗಿ ಲಕ್ಷ್ಮಣಯ್ಯ

ಮಕ್ಕಳೇ, ಮನೆಯಲ್ಲಿ ಮುದ್ದೆ ಮಾಡಿದ ದಿನ ಮೂಗು ಮುರಿಯುವವರು ನಿಮ್ಮಲ್ಲಿ ಇದ್ದೇ ಇದ್ದೀರಿ. ಇರಲಿ, ಬಲವಂತವಿಲ್ಲ. ಆದರೆ ತಟ್ಟೆಗೆ ಬರುವ ರಾಗಿಗಾಗಿ ಒಬ್ಬರು ತಮ್ಮ ಆಯಸ್ಸನ್ನೇ ಸವೆಸಿದ ಕತೆ ಕೇಳಿ. ಅವರು ಸಿ. ಎಚ್. ಲಕ್ಷ್ಮಣಯ್ಯ. ರೈತರ ಬಾಯಲ್ಲಿ 'ರಾಗಿ ಲಕ್ಷ್ಮಣಯ್ಯ'.

ಹುಟ್ಟಿದ್ದು 1921ರಲ್ಲಿ, ಮೈಸೂರಿನ ಹತ್ತಿರದ ಹಾರೋಹಳ್ಳಿಯಲ್ಲಿ. ದುಡಿದದ್ದು ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಹೊಸ ತಳಿಗಳನ್ನು ರೂಪಿಸುವ ತಳಿಗಾರರಾಗಿ. ಮಳೆ ಕೈಕೊಟ್ಟರೂ ಒಂದಷ್ಟು ಕಾಳು ಕೊಡುವ ಬೆಳೆ ಎಂದು ರಾಗಿಯನ್ನು ಬಡವರು ನಂಬಿದ್ದರು. ಆದರೆ ಆಗಿನ ನಾಟಿ ತಳಿಗಳ ಇಳುವರಿ ಕಡಿಮೆ. ಎರಡು ತಳಿಗಳನ್ನು ಕೂಡಿಸಿ ಹೊಸದೊಂದನ್ನು ಪಡೆಯೋಣ ಎಂದರೆ ರಾಗಿ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಯಾಕೆ ಗೊತ್ತೇ? ರಾಗಿ ತೆನೆಯನ್ನು ಕೈಗೆತ್ತಿಕೊಂಡರೆ ಬೆರಳು ಮಡಿಸಿದ ಮುಷ್ಟಿಯ ಹಾಗೆ ಕಾಣುತ್ತದೆ. ಆ ಒಂದೊಂದು ಬೆರಳಿಗೂ ನಮ್ಮ ಕಡೆ 'ಇಲುಕು' ಎನ್ನುತ್ತಾರೆ. ಇಲುಕಿನ ತುಂಬ ಹೂಗಳು, ಕಣ್ಣು ಕಿರಿದು ಮಾಡಿ ಹುಡುಕಬೇಕಾದಷ್ಟು ಸಣ್ಣವು. ನಸುಕಿಗೆ ಮುಂಚೆಯೇ ಅರಳಿ, ತಮ್ಮದೇ ಪರಾಗದಿಂದ ಕಾಳು ಕಟ್ಟಿಬಿಡುತ್ತವೆ. ಇದಕ್ಕೆ ತಳಿಗಾರರು ಒಂದು ಉಪಾಯ ಹೂಡಿದರು. ಹಸಿರು ಗಿಡದ ತೆನೆ, ನೇರಳೆ ಬಣ್ಣದ ಗಿಡದ ತೆನೆ, ಎರಡನ್ನೂ ಅರಳುವ ಮೊದಲೇ ಒತ್ತಾಗಿ ಕಟ್ಟುವುದು. ಹಸಿರು ಗಿಡದ ಕಾಳನ್ನು ಮತ್ತೆ ಬಿತ್ತಿ, ಮೇಲೆದ್ದ ಹಸಿರು ಸಸಿಗಳ ನಡುವೆ ನೇರಳೆ ಛಾಯೆಯದು ಎಲ್ಲಿದೆ ಎಂದು ಹುಡುಕುವುದು. ಸಿಕ್ಕಿತೋ, ಅದು ಮಿಶ್ರತಳಿ! ಸಿಗುವುದು ಅಪರೂಪ. ಸಿಕ್ಕ ಮೇಲೂ ಗುಣ ನೆಲೆಗೊಳ್ಳುವವರೆಗೆ ಹಲವು ತಲೆಮಾರು ಬೆಳೆದು ಆರಿಸಬೇಕು. ಬುದ್ಧಿವಂತಿಕೆಗಿಂತ ತಾಳ್ಮೆ ಬೇಡುವ ಕೆಲಸ ಇದು ಎನ್ನುವುದು ನನ್ನ ಎಣಿಕೆ.

1951ರಿಂದ 1964ರ ನಡುವೆ ಲಕ್ಷ್ಮಣಯ್ಯನವರ ತಳಿಗಳು ಒಂದಾದ ಮೇಲೊಂದು ಹೊಲಕ್ಕೆ ಬಂದವು: ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ. ಹೆಸರಿಡುವುದರಲ್ಲೂ ಎಂಥ ಅಕ್ಕರೆ, ನೋಡಿ.

ಅವರ ದೊಡ್ಡ ಸಾಹಸ ಅದರ ನಂತರದ್ದು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡುಗಳು. ಭಾರತಕ್ಕೆ ಬಂದದ್ದು ಸಾವಿರಾರು ವರ್ಷಗಳ ಹಿಂದೆ. ಆ ತವರಿನ ರಾಗಿಗೆ ದಪ್ಪ ದಂಟು, ತುಂಬು ತೆನೆ; ಮಾಗುವುದು ಮಾತ್ರ ತಡ. ನಮ್ಮದು ಬೇಗ ಮಾಗುತ್ತದೆ, ಈ ಮಣ್ಣು ಮಳೆಗೆ ಹೊಂದಿಕೊಂಡಿದೆ. ಲಕ್ಷ್ಮಣಯ್ಯ ಎರಡಕ್ಕೂ ಮತ್ತೆ ನಂಟು ಬೆಸೆದರು. ಇಂಡಿಯಾದ 'ಇಂಡ್', ಆಫ್ರಿಕದ 'ಆಫ್' ಸೇರಿ ಆ ತಳಿಗಳು 'ಇಂಡಾಫ್' ಆದವು. ಇಂಡಾಫ್-5, 7, 8, 9 ಎಂದು ಅಂಕಿ ಹೊತ್ತು ಬಂದ ಇವು ಹಳೇ ಮೈಸೂರಿನ ರೈತರಿಗೆ ಮನೆಮಾತಾದವು.

ಲಕ್ಷ್ಮಣಯ್ಯ 1993ರಲ್ಲಿ ತೀರಿಕೊಂಡರು. ಅವರ ತಳಿಗಳ ಸಂತಾನ ಇನ್ನೂ ಹೊಲದಲ್ಲಿದೆ. ಬೆಂಕಿ ರೋಗವನ್ನು ತಡೆದುಕೊಳ್ಳುತ್ತದೆಂದು ಕರ್ನಾಟಕದ ರೈತರು ಮೆಚ್ಚಿ ಬೆಳೆಯುವ ಜಿಪಿಯು-28ರ ತಾಯಿ ಇಂಡಾಫ್-5. ತಂದೆಯ ಕಡೆ ಇಂಡಾಫ್-9ರ ಪಾಲೂ ಇದೆ. ಊರಲ್ಲಿ ಹೊಲ ಮಾಡುವ ಅಜ್ಜ ಅಜ್ಜಿ ಇದ್ದರೆ, ಮುಂದಿನ ಸಲ ಫೋನು ಮಾಡಿದಾಗ 'ನೀವು ಇಂಡಾಫ್ ಬಿತ್ತಿದ್ರಾ?' ಎಂದು ಕೇಳಿ. ಅವರು ಹೇಳಿದ್ದನ್ನು ಬರೆದು ನಮ್ಮ ಸಂಚಿಕೆಗೆ ಕಳಿಸಿ.