ಸಿಲೋನಿಗೆ ಮೊದಲು ಕೆನರಾ

ಜನವರಿ 16 ಸಂತ ಜೋಸೆಫ್ ವಾಜರ ಹಬ್ಬದ ದಿನ. ಪೋಪ್ ಫ್ರಾನ್ಸಿಸ್ ಅವರು 2015ರ ಜನವರಿ 14ರಂದು ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ವಾಜರಿಗೆ ಸಂತಪದವಿಯನ್ನು ಘೋಷಿಸಿದಾಗ, ಶ್ರೀಲಂಕಾಕ್ಕೆ ಮೊದಲ ಸಂತ ದೊರೆತನೆಂದು ಜಗತ್ತಿನ ಪತ್ರಿಕೆಗಳು ಬರೆದವು. ಗೋವೆಯವರು ತಮ್ಮ ಮಣ್ಣಿನ ಮಗನೆಂದು ಹೆಮ್ಮೆಪಟ್ಟರು. ಎರಡೂ ಸರಿಯೇ. ಆದರೆ ಈ ಇಬ್ಬರ ನಡುವೆ ಕನ್ನಡದ ಕರಾವಳಿಗೂ ಒಂದು ಪಾಲಿದೆ ಎಂಬುದನ್ನು ನಾವು ನೆನೆಯುವುದು ಅಪರೂಪ. ಸಿಲೋನಿನಲ್ಲಿ ವಾಜರು ಇಪ್ಪತ್ತನಾಲ್ಕು ವರ್ಷ ಮಾಡಿದ್ದನ್ನೆಲ್ಲ, ಅದಕ್ಕೂ ಮೊದಲು ಹೊನ್ನಾವರದಿಂದ ಮಂಗಳೂರಿನವರೆಗಿನ ಈ ನೆಲದಲ್ಲಿ ಮೂರು ನಾಲ್ಕು ವರ್ಷ ಮಾಡಿ ಕಲಿತಿದ್ದರು. ನಾನು ಕ್ರೈಸ್ತನಲ್ಲ, ಸಂತರ ಪವಾಡಗಳ ಬಗ್ಗೆ ಮಾತನಾಡುವ ಅರ್ಹತೆಯೂ ನನಗಿಲ್ಲ. ಕರಾವಳಿಯ ಇತಿಹಾಸವನ್ನು ಓದುವ ಸಾಮಾನ್ಯನಾಗಿ ಈ ವ್ಯಕ್ತಿ ನನ್ನನ್ನು ಕಾಡುವುದು ಬೇರೊಂದು ಕಾರಣಕ್ಕೆ. ಕುಸಿದುಬಿದ್ದ ಒಂದು ಸಮುದಾಯವನ್ನು ಅಧಿಕಾರದ ಆಸರೆಯಿಲ್ಲದೆ ಎತ್ತಿ ನಿಲ್ಲಿಸುವುದು ಹೇಗೆಂಬ ಪ್ರಶ್ನೆಗೆ ಅವರ ಬದುಕಿನಲ್ಲಿ ಉತ್ತರವಿದೆ.

ಆ ಕಾಲದ ಸ್ಥಿತಿಯನ್ನು ಮೊದಲು ಹೇಳಬೇಕು. 1569ರಲ್ಲಿ ಹೊನ್ನಾವರದ ಕೋಟೆಯನ್ನು ಪೋರ್ಚುಗೀಸರು ವಶಪಡಿಸಿಕೊಂಡರು. ಬಸರೂರು, ಗಂಗೊಳ್ಳಿ, ಮಂಗಳೂರುಗಳಲ್ಲಿಯೂ ಅವರ ನೆಲೆಗಳಿದ್ದವು. ಕೋಟೆಯ ನೆರಳಿನಲ್ಲಿ ಇಗರ್ಜಿ, ಇಗರ್ಜಿಯ ನೆರಳಿನಲ್ಲಿ ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕನು ಈ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡನು. ಕೋಟೆಗಳು ಹೋದ ಮೇಲೆ ಪಾದ್ರಿಗಳೂ ಹೋದರು. ಹೊಲಗದ್ದೆಗಳಲ್ಲಿ ದುಡಿಯುತ್ತಿದ್ದ ಜನ ಮಾತ್ರ ಹೋಗಲಿಲ್ಲ, ಹೋಗುವುದಾದರೂ ಎಲ್ಲಿಗೆ? ಕೆಳದಿಯ ರಾಣಿ ಚೆನ್ನಮ್ಮಾಜಿ 1678ರಲ್ಲಿ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರ ಮೊದಲಾದ ಕಡೆ ಇಗರ್ಜಿ ಕಟ್ಟಿಕೊಳ್ಳಲು ಅನುಮತಿ ನೀಡಿದಳು. ಮುಂದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನನ್ನು ಎದುರಿಸಿದ ರಾಣಿಯೇ ಈಕೆ. ಅನುಮತಿಯೇನೋ ದೊರೆಯಿತು. ಆದರೆ ಕಾಗದದ ಮೇಲಿನ ಅನುಮತಿಯಿಂದ ಚದುರಿದ ಜನ ಒಂದುಗೂಡುವುದಿಲ್ಲ.

ಚದುರುವುದು ಎಂದರೇನೆಂದು ತಿಳಿಯಲು ಇಲ್ಲಿಯ ಭೂಗೋಳವನ್ನೇ ನೋಡಬೇಕು. ಹೊನ್ನಾವರದ ಮೇಲ್ಭಾಗದಲ್ಲಿ ಶರಾವತಿಯ ಮಡಿಲಲ್ಲಿ ಮಾವಿನಕುರ್ವೆ ಎಂಬ ನಡುಗಡ್ಡೆಯಿದೆ. ಭಟ್ಕಳದ ಬಂದರು ಇರುವ ಊರಿಗೂ ಅದೇ ಹೆಸರು. ಕುರ್ವೆ ಎಂದರೆ ನಮ್ಮ ಕಡೆ ನೀರು ಸುತ್ತುವರಿದ ನೆಲ. ಅಘನಾಶಿನಿಯಿಂದ ನೇತ್ರಾವತಿಯವರೆಗೆ ಹತ್ತಾರು ನದಿಗಳು ಘಟ್ಟದಿಂದಿಳಿದು ಕಡಲು ಸೇರುತ್ತವೆ. ಇಂದು ಹೆದ್ದಾರಿ 66ರ ಸೇತುವೆಗಳ ಮೇಲೆ ನಿಮಿಷದಲ್ಲಿ ದಾಟುವ ಈ ನದಿಗಳನ್ನು ಅಂದು ದೋಣಿಗಾಗಿ ಕಾದು ದಾಟಬೇಕಿತ್ತು. ಮಳೆಗಾಲದ ನಾಲ್ಕು ತಿಂಗಳು ಊರಿಗೆ ಊರು ದೂರ. ಅಂಥ ಕಡೆ ಪಾದ್ರಿಯಿಲ್ಲದ ಕ್ರೈಸ್ತ ಕುಟುಂಬವೊಂದು ತನ್ನ ಧರ್ಮವನ್ನು ಎಷ್ಟು ಕಾಲ ನೆನಪಿಟ್ಟುಕೊಂಡೀತು?

ಜೋಸೆಫ್ ವಾಜರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಸಾಲ್ಸೆಟ್ ಪ್ರಾಂತ್ಯದ ಬೆನಾವ್ಲಿಯಲ್ಲಿ, ತಾಯಿಯ ತವರಿನಲ್ಲಿ. ತಂದೆಯ ಊರು ಸಾಂಕ್ವಾಳೆ. ಕ್ರೈಸ್ತರಾದ ಕೊಂಕಣಿ ಬ್ರಾಹ್ಮಣರ ಮನೆತನ. ಪೋರ್ಚುಗೀಸ್, ಲ್ಯಾಟಿನ್ ಕಲಿತು, ಗೋವೆಯ ಜೆಸ್ವಿತರ ಕಾಲೇಜಿನಲ್ಲಿ ಓದಿ, 1676ರಲ್ಲಿ ಧರ್ಮಗುರುಗಳಾದರು. ಡಚ್ಚರ ಕೈಗೆ ಸಿಕ್ಕ ಸಿಲೋನಿನಲ್ಲಿ ಕ್ಯಾಥೊಲಿಕರು ಪಾದ್ರಿಯೇ ಇಲ್ಲದೆ ದಶಕಗಳನ್ನು ಕಳೆಯುತ್ತಿರುವ ಸುದ್ದಿ ಕೇಳಿ ಅಲ್ಲಿಗೆ ಹೋಗಲು ತಾವಾಗಿ ಮುಂದೆ ಬಂದರು. ಗೋವೆಯ ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾಕ್ಕೆ. ಕೇಳಿದ್ದು ಒಂದು, ದೊರೆತದ್ದು ಇನ್ನೊಂದು. ಮೂವತ್ತರ ವಯಸ್ಸಿನ ಪಾದ್ರಿ ಗೊಣಗದೆ ಹೊರಟರು.

ಇಲ್ಲಿ ಅವರಿಗೆ ಎದುರಾದ ಮೊದಲ ಸಮಸ್ಯೆ ಬಡತನವಲ್ಲ, ರಾಜನ ವಿರೋಧವೂ ಅಲ್ಲ. ಅದು ಚರ್ಚಿನೊಳಗಿನ ಜಗಳ. ಪೂರ್ವದೇಶಗಳ ಇಗರ್ಜಿಗಳ ಮೇಲೆ ಹಕ್ಕು ತನ್ನದೆಂದು ಪೋರ್ಚುಗಲ್ಲಿನ ದೊರೆ ಹೇಳುತ್ತಿದ್ದ. ಅದಕ್ಕೆ ಪದ್ರುವಾದೊ ಎಂದು ಹೆಸರು. ಆ ಹಕ್ಕನ್ನು ನಿಭಾಯಿಸುವ ಶಕ್ತಿ ಪೋರ್ಚುಗಲ್ಲಿಗೆ ಉಳಿದಿಲ್ಲವೆಂದು ಕಂಡ ರೋಮ್ ತನ್ನದೇ ಪ್ರೊಪಗಾಂದಾ ಸಂಸ್ಥೆಯ ಮೂಲಕ ಬಿಷಪ್ಪರನ್ನು ನೇಮಿಸತೊಡಗಿತ್ತು. ಹೀಗೆ ರೋಮಿನಿಂದ ನೇಮಕಗೊಂಡವರು ತೋಮಸ್ ದೆ ಕಾಸ್ತ್ರೊ, ಸ್ವತಃ ಗೋವೆಯವರೇ. ಗೋವೆಯ ಪಾದ್ರಿಗಳಿಗೆ ಅವರು ಬೇಡ, ಅವರಿಗೆ ಗೋವೆಯ ಪಾದ್ರಿಗಳು ಬೇಡ. ಒಬ್ಬರು ನೀಡಿದ ಸಂಸ್ಕಾರ ಊರ್ಜಿತವಲ್ಲವೆಂದು ಇನ್ನೊಬ್ಬರು ಸಾರುತ್ತಿದ್ದರು. ದೀಕ್ಷಾಸ್ನಾನವನ್ನೂ ಮದುವೆಯನ್ನೂ ಯಾರಿಂದ ಪಡೆದರೆ ಪಾಪ, ಯಾರಿಂದ ಪಡೆದರೆ ಪುಣ್ಯ ಎಂಬುದು ಗದ್ದೆಯ ಕೆಲಸದವನಿಗೆ ಹೇಗೆ ತಿಳಿಯಬೇಕು? ಸಂಘಟನೆಗಳ ಒಳಜಗಳದಲ್ಲಿ ಜನ ಮೊದಲು ಸೋಲುವುದು ಹೀಗೆ. ಕ್ರೈಸ್ತರಿಗೆ ಮಾತ್ರ ಸಂಬಂಧಿಸಿದ ಕಥೆಯಲ್ಲ ಇದು.

ವಾಜರು ಹೋದದ್ದು ಗೋವೆಯ ಪಕ್ಷದ ಪ್ರತಿನಿಧಿಯಾಗಿ. ಎದುರಾಳಿಯ ಮೇಲೆ ಬಹಿಷ್ಕಾರದ ಪತ್ರಗಳನ್ನು ಅಂಟಿಸಿ ತಮ್ಮ ಪಕ್ಷದ ಮೆಚ್ಚುಗೆ ಗಳಿಸಬಹುದಿತ್ತು. ಅದರ ಬದಲು ಅವರು ಕಾಸ್ತ್ರೊ ಅವರನ್ನೇ ಕಂಡು ಮಾತನಾಡಿದರು. ರೋಮಿನಿಂದ ಕೊನೆಯ ತೀರ್ಮಾನ ಬರುವವರೆಗೆ ಜನರಿಗೆ ಸಂಸ್ಕಾರಗಳು ನಿಲ್ಲದಂಥ ಹೊಂದಾಣಿಕೆಗೆ ಅವರನ್ನು ಒಪ್ಪಿಸಿದರು. ತಮ್ಮನ್ನು ಕಳುಹಿಸಿದವರಿಗೆ ಇದು ಪೂರ್ತಿಯಾಗಿ ರುಚಿಸಿತೆಂದು ಹೇಳಲಾಗದು. ನನ್ನ ದೃಷ್ಟಿಯಲ್ಲಿ ವಾಜರ ಬದುಕಿನ ಮೊದಲ ದೊಡ್ಡ ಕೆಲಸ ಇದೇ. ಮುದಿಪು ಗುಡ್ಡದಲ್ಲಿ ಅವರಿಂದ ನೀರಿನ ಸೆಲೆ ಚಿಮ್ಮಿತೆಂಬ ನಂಬಿಕೆಯಿದೆ. ಮಂಗಳೂರಿನ ಬಳಿಯ ಆ ಗುಡ್ಡಕ್ಕೆ ಎಲ್ಲ ಮತದವರೂ ಹೋಗುತ್ತಾರೆ, ಹೋಗಲಿ. ಆದರೆ ಹಗೆ ಕಟ್ಟಿಕೊಂಡ ಇಬ್ಬರು ಧರ್ಮಾಧಿಕಾರಿಗಳ ನಡುವೆ ದಾರಿ ಮಾಡಿದ್ದು ಬಂಡೆಯಿಂದ ನೀರು ತೆಗೆದದ್ದಕ್ಕಿಂತ ಸುಲಭದ್ದೇನಲ್ಲ.

ಉಳಿದದ್ದು ಕಾಲ್ನಡಿಗೆಯ ಕೆಲಸ. ಹೊನ್ನಾವರ, ಗಂಗೊಳ್ಳಿ, ಬಸರೂರು, ಬಾರ್ಕೂರು, ಕಲ್ಯಾಣಪುರ, ಮೂಲ್ಕಿ, ಮಂಗಳೂರು ಎಂದು ಅವರು ಊರೂರು ಸುತ್ತಿದರು. ಬಿದ್ದ ಇಗರ್ಜಿಗಳನ್ನು ಎತ್ತಿಸಿದರು, ಶಾಲೆಗಳನ್ನು ತೆರೆದರು, ರೋಗಿಗಳ ಬಳಿ ಕುಳಿತರು. ಮುಖ್ಯವಾದ ಇನ್ನೊಂದು ಕೆಲಸವಿದೆ. ಪಾದ್ರಿಯಿಲ್ಲದಾಗಲೂ ಪ್ರಾರ್ಥನೆ, ಧರ್ಮಬೋಧೆಗಳನ್ನು ನಡೆಸಿಕೊಂಡು ಹೋಗುವಂತೆ ಊರಿನ ಗೃಹಸ್ಥರನ್ನೇ ಕೂಟಗಳಲ್ಲಿ ಸೇರಿಸಿದರು. ಪಾದ್ರಿಯನ್ನೇ ನಂಬಿದ್ದ ಸಮುದಾಯ ಪಾದ್ರಿ ಹೋದೊಡನೆ ಕುಸಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಇವರ ಕೊಂಕಣಿ ಆ ಜನರ ಮನೆಮಾತೇ ಆಗಿತ್ತು. ಕೋಟೆಯಿಲ್ಲ, ಹಡಗಿಲ್ಲ, ಬೆನ್ನ ಹಿಂದೆ ಸೈನಿಕರಿಲ್ಲ; ಕೆಳದಿಯ ನೆಲದಲ್ಲಿ ರಾಣಿಯ ಪ್ರಜೆಗಳ ನಡುವೆ ಬರಿಗೈಯಲ್ಲಿ ತಿರುಗುವ ಕರಿಯ ಪಾದ್ರಿ. ಪೋರ್ಚುಗೀಸರ ಕಾಲದ ಕ್ರೈಸ್ತಧರ್ಮಕ್ಕೆ ಇಂಥ ಮುಖವೂ ಇತ್ತೆಂಬುದನ್ನು ಇನ್ಕ್ವಿಸಿಷನ್ನಿನ ಕಥೆಯನ್ನಷ್ಟೇ ಓದಿದವರು ಗಮನಿಸಬೇಕು.

1684ರಲ್ಲಿ ಅವರು ಗೋವೆಗೆ ಮರಳಿದರು. ಮರುವರ್ಷ ಅಲ್ಲಿಯ ಹೋಲಿ ಕ್ರಾಸ್ ಇಗರ್ಜಿಯಲ್ಲಿ ಸ್ಥಳೀಯ ಪಾದ್ರಿಗಳ ಒಂದು ಸಂಘ ರೂಪುಗೊಂಡಿತು. ವಾಜರು ಅದರ ಹಿರಿಯರಾದರು. ಒರೇಟರಿ ಎಂಬ ಈ ಸಂಸ್ಥೆ ಭಾರತೀಯರೇ ನಡೆಸಿದ ಮೊದಲ ಕ್ಯಾಥೊಲಿಕ್ ಧಾರ್ಮಿಕ ಸಂಘ. ಐರೋಪ್ಯ ಸಂಘಗಳು ನಮ್ಮವರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೆ ಆ ಸಂಘ ಬ್ರಾಹ್ಮಣ ಮೂಲದ ಪಾದ್ರಿಗಳಿಗೆ ಮಾತ್ರ ಮೀಸಲಾಗಿ ಉಳಿಯಿತೆಂಬುದನ್ನೂ ಹೇಳದೆ ಬಿಡಲಾಗದು. ಬಿಳಿಯರ ಬಾಗಿಲು ತಮಗೆ ಮುಚ್ಚಿತೆಂದು ನೊಂದವರು ತಮ್ಮ ಬಾಗಿಲನ್ನು ಇನ್ನೊಬ್ಬರಿಗೆ ಮುಚ್ಚಿದರು. ಜಾತಿ ನಮ್ಮಲ್ಲಿ ಮತವನ್ನು ದಾಟಿಯೂ ಬದುಕುತ್ತದೆ. ಸಂತರ ನೆರಳಿನಲ್ಲೂ ಬದುಕಿತು.

ಸಿಲೋನಿನ ಹಂಬಲ ಮಾತ್ರ ವಾಜರನ್ನು ಬಿಟ್ಟಿರಲಿಲ್ಲ. ಹಿರಿತನವನ್ನು ಒಪ್ಪಿಸಿ, ಜಾನ್ ಎಂಬ ಸೇವಕನೊಡನೆ 1686ರಲ್ಲಿ ಹೊರಟು, ಕೆನರಾದ ಹಳೆಯ ಪರಿಚಿತರ ನಡುವೆ ಹಾದು, ತೂತ್ತುಕುಡಿಯಿಂದ ಕಡಲು ದಾಟಿ 1687ರಲ್ಲಿ ದ್ವೀಪವನ್ನು ಸೇರಿದರು. ಡಚ್ಚರ ಆಳ್ವಿಕೆಯಲ್ಲಿ ಕ್ಯಾಥೊಲಿಕ್ ಪಾದ್ರಿಗೆ ಪ್ರವೇಶವಿರಲಿಲ್ಲ. ಆದುದರಿಂದ ಅವರು ಹೋದದ್ದು ಕೂಲಿಯವನ ವೇಷದಲ್ಲಿ. ಜಾಫ್ನಾದಲ್ಲಿ ಭಿಕ್ಷುಕನಂತೆ ಮನೆಮನೆಗೆ ಹೋಗಿ, ಕೊರಳಿನ ಜಪಮಾಲೆಯನ್ನು ಕಂಡು ಯಾರು ಗುರುತು ಹಿಡಿಯುತ್ತಾರೆಂದು ನೋಡುತ್ತ, ಅಡಗಿಕೊಂಡಿದ್ದ ಕ್ಯಾಥೊಲಿಕರನ್ನು ಒಬ್ಬೊಬ್ಬರಾಗಿ ಹುಡುಕಿದರು. ತಮಿಳನ್ನು ಕಲಿತರು, ಮುಂದೆ ಸಿಂಹಳವನ್ನೂ ಕಲಿತರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಆರೋಪ ಹೊತ್ತು ಸೆರೆಯಾದರು. ಬೌದ್ಧನಾದ ರಾಜ ಎರಡನೆಯ ವಿಮಲಧರ್ಮಸೂರ್ಯನಿಗೆ ಕ್ರಮೇಣ ಈ ಸೆರೆಯಾಳಿನ ಮೇಲೆ ಗೌರವ ಹುಟ್ಟಿತು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ರಾಜಪರಿವಾರ ಊರು ಬಿಟ್ಟಿತು, ಉಳ್ಳವರೂ ಬಿಟ್ಟರು. ರೋಗಿಗಳನ್ನು ಸ್ವಂತ ಮನೆಯವರೇ ಕಾಡಿಗೆ ಒಯ್ದು ಬಿಟ್ಟರು. ಆಗ ತಾನೇ ಗೋವೆಯಿಂದ ಬಂದಿದ್ದ ಸೋದರಳಿಯ ಜೋಸೆಫ್ ಕಾರ್ವಾಲ್ಯೊ ಎಂಬ ಪಾದ್ರಿಯೊಡನೆ ವಾಜರು ಅಲ್ಲಿಯೇ ಉಳಿದರು. ಗುಡಿಸಲು ಹಾಕಿ ರೋಗಿಗಳನ್ನು ತಂದು ಮಲಗಿಸಿದರು, ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರಿಗೆ ಗುಂಡಿ ತೋಡಿದರು. ಬೌದ್ಧನೋ ಕ್ರೈಸ್ತನೋ ಎಂದು ಕೇಳಲಿಲ್ಲ. ಕಾಯಿಲೆ ತಗ್ಗಿದ ಮೇಲೆ ರಾಜನು ಅವರಿಗೆ ತನ್ನ ರಾಜ್ಯದಲ್ಲೆಲ್ಲ ಸಂಚರಿಸುವ, ಬೋಧಿಸುವ ಸ್ವಾತಂತ್ರ್ಯ ಕೊಟ್ಟನು. ಡಚ್ಚರ ಕಾನೂನೂ ಪೋರ್ಚುಗೀಸರ ಫಿರಂಗಿಯೂ ಕೊಡಲಾರದಿದ್ದ ಜಾಗ ಗಂಜಿಯ ಬಟ್ಟಲಿನಿಂದ ದೊರೆಯಿತು.

ಮಿಷನ್ ಎಂಬ ಪದ ನಮ್ಮಲ್ಲಿ ಇಂದು ಮತಾಂತರದ ಗುಮಾನಿಯಿಲ್ಲದೆ ಉಚ್ಚರಿಸಲಾಗದ ಪದವಾಗಿದೆ. ಆ ವಾದದ ಎರಡೂ ಪಕ್ಷದವರು ವಾಜರ ಕೆನರಾದ ವರ್ಷಗಳನ್ನು ನೋಡಬೇಕೆಂದು ನನ್ನ ಆಸೆ. ಅಲ್ಲಿ ಅವರ ಮುಖ್ಯ ಕೆಲಸ ಹೊಸಬರನ್ನು ಸೆಳೆಯುವುದಾಗಿರಲಿಲ್ಲ, ಕೈಬಿಟ್ಟವರ ಬಳಿಗೆ ಹೋಗುವುದಾಗಿತ್ತು. ಇಂದಿನ ಕರಾವಳಿಯ ಇಗರ್ಜಿಗಳಿಗೆ ಇದು ಹಳೆಯ ಕಥೆಯಲ್ಲ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಈ ಸಮುದಾಯ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆಯಿತು. 1799ರ ನಂತರ ಅಳಿದುಳಿದವರು ಮರಳಿ ಮತ್ತೆ ಕಟ್ಟಿಕೊಂಡರು. ಈಗಿನ ಕ್ಷಯಕ್ಕೆ ಯಾವ ದೊರೆಯೂ ಕಾರಣನಲ್ಲ. ಮಕ್ಕಳು ಮುಂಬೈ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋದರು. ಕುಟುಂಬಗಳು ಚಿಕ್ಕವಾದವು. ಪಾದ್ರಿಯಾಗಬಯಸುವ ಹುಡುಗರು ವಿರಳ. ಹೊರಗಿನ ಹಣದಿಂದ ಇಗರ್ಜಿಯ ಮುಖಮಂಟಪ ಹೊಳೆಯುತ್ತದೆ. ಭಾನುವಾರದ ಪೂಜೆಯಲ್ಲಿ ಮುಂದಿನ ಬೆಂಚುಗಳಲ್ಲಿ ನರೆಗೂದಲೇ ಹೆಚ್ಚು. ಮಗ ದುಬೈಯಲ್ಲಿರುವ, ಮಾತ್ರೆ ತಂದುಕೊಡುವವರಿಲ್ಲದ ಮುದುಕಿಯೊಬ್ಬಳು ನದಿಯಾಚೆಯ ಮನೆಯಲ್ಲಿ ಒಂಟಿಯಾಗಿದ್ದರೆ, ಅವಳ ಬಳಿಗೆ ಹೋಗುವವರು ಯಾರು ಎಂಬ ಪ್ರಶ್ನೆ ಗೋಪುರಕ್ಕೆ ಬಣ್ಣ ಬಳಿಯುವುದಕ್ಕಿಂತ ಮೊದಲಿನದು. ನಮ್ಮ ದೇವಸ್ಥಾನಗಳ ಜೀರ್ಣೋದ್ಧಾರ ಸಮಿತಿಗಳಿಗೂ ಇದೇ ಪ್ರಶ್ನೆಯನ್ನು ಕೇಳಬಹುದು.

ಕೊನೆಯ ವರ್ಷಗಳಲ್ಲಿ ವಾಜರಿಗೆ ಬಿಷಪ್ ಪದವಿ ಹುಡುಕಿಕೊಂಡು ಬಂತು. ಅವರು ಒಲ್ಲೆನೆಂದರು. ಗೋವೆಯಿಂದ ಒಬ್ಬೊಬ್ಬರಾಗಿ ಪಾದ್ರಿಗಳು ಬಂದು ಸೇರುತ್ತಿದ್ದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಕ್ರೈಸ್ತ ಸಾಹಿತ್ಯವನ್ನೇ ಕಟ್ಟಿದರು. ಅಡಗಿದ್ದ ಬೆರಳೆಣಿಕೆಯ ಕುಟುಂಬಗಳನ್ನು ಹುಡುಕುತ್ತ ಆರಂಭವಾದ ಕೆಲಸ, ವಾಜರು ತೀರಿಕೊಳ್ಳುವ ಹೊತ್ತಿಗೆ ಸುಮಾರು 70 ಸಾವಿರ ಮಂದಿಯ ಸಮುದಾಯವಾಗಿತ್ತೆಂದು ಅವರ ಚರಿತ್ರಕಾರರು ಲೆಕ್ಕ ಹಾಕುತ್ತಾರೆ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ಕಣ್ಣು ಮುಚ್ಚಿದರು. ವಯಸ್ಸು ಅರವತ್ತು ತುಂಬಿರಲಿಲ್ಲ. ಅಲ್ಲಿಯ ಇಗರ್ಜಿಯಲ್ಲೇ ಮಣ್ಣು ಮಾಡಿದರು. ಆ ಇಗರ್ಜಿ ಮುಂದೆ ಹಾಳಾಯಿತು. ಸಮಾಧಿಯ ಗುರುತು ಈವರೆಗೆ ಸಿಕ್ಕಿಲ್ಲ.